ಗಾಳಿ ಬೀಸಿದರೆ ಸಾಕು, ಮನೆ ಲೈಟೆಲ್ಲ ಮಂಕಾಗುತ್ತೆ. ಎಲ್ಲಿಂದ ಹುಡುಕೋದು?

ತೋಟದಮನೆ · ಶುಕ್ರವಾರ ರಾತ್ರಿ 8:50

ಎಲ್ಲರಿಗೂ ನಮಸ್ಕಾರ. ನಮ್ಮದು ಮಲೆನಾಡಿನ ಒಂಟಿ ಮನೆ, ಸುತ್ತ ಅಡಿಕೆ ತೋಟ. ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) ನಮ್ಮನೆಗೆ ಒಂಬತ್ತು ಕಂಬ. ಆರಿದ್ರಾ ಮಳೆ ಹಿಡಿದಾಗಿನಿಂದ ಒಂದು ಕಾಟ ಶುರುವಾಗಿದೆ. ಗಾಳಿ ಬೀಸಿದಾಗಲೆಲ್ಲ ಜಗಲಿ, ಅಡುಗೆಮನೆ, ಮೆತ್ತು, ಎಲ್ಲ ಕಡೆಯ ಲೈಟೂ ಒಟ್ಟಿಗೆ ಮಂಕಾಗುತ್ತೆ. ಗಾಳಿ ತಗ್ಗಿದ ಕೂಡಲೇ ಸರಿಹೋಗುತ್ತೆ. ಪೂರ್ತಿ ಆರೋದಿಲ್ಲ. ಫ್ರಿಜ್ಜು ಗುರ್ ಅಂತ ಶುರುವಾಗೋಕೆ ಹೋಗಿ ನಿಂತುಬಿಡುತ್ತೆ. ಮಳೆ ಎಷ್ಟೇ ಜೋರಿದ್ದರೂ ಗಾಳಿ ಇಲ್ಲದಿದ್ದರೆ ಏನೂ ತೊಂದರೆ ಇಲ್ಲ. ನನಗೆ ಅರ್ಥವಾಗದ್ದು ಅದೇ.

ಪೇಟೆಯಿಂದ ಎಲೆಕ್ಟ್ರಿಷಿಯನ್ ಕರೆಸಿದೆ. ಮೇನ್ ಎಂಸಿಬಿ ಬದಲಿಸಿದರು, ಎರಡು ಸ್ವಿಚ್ ಬೋರ್ಡ್ ಬಿಚ್ಚಿ ಸ್ಕ್ರೂ ಬಿಗಿ ಮಾಡಿದರು. 1,800 ರೂಪಾಯಿ ಆಯ್ತು. ಅವರು ಬಂದ ದಿನ ಗಾಳಿಯೇ ಇರಲಿಲ್ಲ, ಎಲ್ಲ ಸರಿ ಇದೆ ಅಂದು ಹೋದರು. ಅವತ್ತು ರಾತ್ರಿಯೇ ಗಾಳಿ ಬಂತು, ಮತ್ತೆ ಅದೇ ಕಥೆ. ಅಮ್ಮನಿಗೆ ರಾತ್ರಿ ನೆಬ್ಯುಲೈಸರ್ ಇಡಬೇಕು, ಹಾಗಾಗಿ ಸುಮ್ಮನೆ ಬಿಡೋ ಹಾಗಿಲ್ಲ. ಅನುಭವ ಇರೋರು ದಯವಿಟ್ಟು ಹೇಳಿ.


ಕಾಫಿಸೀಮೆ · ಶುಕ್ರವಾರ ರಾತ್ರಿ 9:15

ಮೊದಲು ಮರ ನೋಡಿ. ನಮ್ಮಲ್ಲಿ ಸಿಲ್ವರ್ ಓಕ್ ಕೊಂಬೆ ಲೈನಿಗೆ ತಾಗ್ತಿತ್ತು. ಮರಗಸಿ (ನೆರಳಿನ ಮರದ ಕೊಂಬೆ ಕಡಿಯೋದು) ಮಾಡುವಾಗ ಲೈನಿನ ಪಕ್ಕದ ಎರಡು ಮರವನ್ನು ಆಳುಗಳು ಹೆದರಿ ಬಿಟ್ಟಿದ್ದರು. ಹೆದರಿದ್ದು ಸರಿಯೇ. ಆದರೆ ಲೈನ್ ಆಫ್ ಮಾಡಿಸಿ ಕಡಿಸೋದನ್ನು ನಾವೇ ಮರೆತೆವು. ಮಳೆಗಾಲದಲ್ಲಿ ಒದ್ದೆ ಕೊಂಬೆ ತಂತಿಗೆ ಉಜ್ಜಿದಾಗ ಚಿರ್ ಅಂತ ಸದ್ದು, ನೀಲಿ ಕಿಡಿ. ರಾತ್ರಿ ಅಂಗಳದ ದೀಪ ಆರಿಸಿ ಹತ್ತು ನಿಮಿಷ ಲೈನಿನ ಉದ್ದಕ್ಕೂ ನೋಡಿ, ಕಿಡಿ ಇದ್ದರೆ ಕಂಡೇ ಕಾಣುತ್ತೆ. ದೂರದಿಂದಲೇ ನೋಡಿ. ಕಂಬದ ಬುಡಕ್ಕೆ, ಲೈನಿನ ಅಡಿಗೆ ಹೋಗಬೇಡಿ.


ಬಲ್ಬ್‌ಅಂಗಡಿ · ಶುಕ್ರವಾರ ರಾತ್ರಿ 9:40

ಬೆಂಗಳೂರಲ್ಲಿ ನಂದು ಸಣ್ಣ ಎಲೆಕ್ಟ್ರಿಕಲ್ ಅಂಗಡಿ. ಇಂಥ ದೂರು ತಗೊಂಡು ಬರೋರಲ್ಲಿ ಹೆಚ್ಚಿನವರದ್ದು ಬಲ್ಬಿನದೇ ತೊಂದರೆ ಆಗಿರುತ್ತೆ. ಹಳೇ ತಂತಿ ಬಲ್ಬು ಕಾದಿರೋದರಿಂದ ಕರೆಂಟು ಕಣ್ಣು ಮಿಟುಕಿಸೋ ಅಷ್ಟು ಹೊತ್ತು ಒಂದು ಚೂರು ಹೆಚ್ಚುಕಮ್ಮಿ ಆದರೆ ಅಷ್ಟಾಗಿ ತೋರಿಸ್ತಿರಲಿಲ್ಲ. ಅಗ್ಗದ ಎಲ್ಇಡಿಯಲ್ಲಿ ಒಳಗೆ ಸರಿಯಾದ ಡ್ರೈವರ್ (ಕರೆಂಟು ಹದ ಮಾಡೋ ಸರ್ಕ್ಯೂಟ್) ಇರಲ್ಲ, ಸ್ವಲ್ಪ ಏರಿಳಿದರೂ ಮಿಟುಕುತ್ತೆ. ಒಳ್ಳೇ ಎಲ್ಇಡಿ ಉಲ್ಟಾ: ವೋಲ್ಟೇಜು 150ಕ್ಕೆ ಇಳಿದರೂ ಬೆಳಕು ಹಾಗೇ ಇರುತ್ತೆ, ತೊಂದರೆಯನ್ನೇ ಮುಚ್ಚಿಡುತ್ತೆ. ಅದಕ್ಕೆ ಬಲ್ಬು ನೋಡಿ ಲೆಕ್ಕ ಹಾಕಬೇಡಿ. ಫ್ಯಾನಿನ ವೇಗ ನೋಡಿ, ಫ್ರಿಜ್ಜಿನ ಸದ್ದು ಕೇಳಿ. ನಿಮ್ಮ ಫ್ರಿಜ್ಜೂ ಎದ್ದೇಳೋಕೆ ಒದ್ದಾಡ್ತಿದೆ ಅಂದಮೇಲೆ ಇದು ಬಲ್ಬಿನ ಮಾತಲ್ಲ.


ಹಳೇಲೈನ್‌ಮನ್ · ಶುಕ್ರವಾರ ರಾತ್ರಿ 10:20

ಮೂವತ್ತೊಂದು ವರ್ಷ ಕಂಬ ಹತ್ತಿದವನು ನಾನು, ಈಗ ನಿವೃತ್ತ. ತೋಟದಮನೆಯವರೇ, ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ. ಮನೆಯ ಎಲ್ಲ ಲೈಟೂ ಒಟ್ಟಿಗೆ ಮಂಕಾಗುತ್ತೆ ಅಂದರೆ ತಪ್ಪು ಸ್ವಿಚ್ ಬೋರ್ಡಿನಲ್ಲಿಲ್ಲ. ಮೇನ್ ಸ್ವಿಚ್ಚಿನಿಂದ ಹಿಂದಕ್ಕೆ, ಟಿಸಿವರೆಗೆ ಎಲ್ಲೋ ಒಂದು ಕಡೆ ಇದೆ. ಮಳೆಗೆ ಆಗದೆ ಗಾಳಿಗೆ ಮಾತ್ರ ಆಗುತ್ತೆ ಅಂದರೆ ಅದು ಅಲ್ಲಾಡುವ ಜಾಗ. ಗೋಡೆಯೊಳಗಿನ ವೈರಿಗೆ ಗಾಳಿ ತಾಗಲ್ಲ.

ಈಗ ನೀವು ಮಾಡಬೇಕಾದದ್ದು ಇಷ್ಟು. ಗಾಳಿ ಬೀಸುವ ಹೊತ್ತಿಗೆ ಅಕ್ಕಪಕ್ಕದ ಮನೆಗೆ ಫೋನ್ ಮಾಡಿ, ಅವರಲ್ಲೂ ಹೀಗೇ ಆಗ್ತಿದೆಯಾ ಕೇಳಿ. ಬರೀ ಮಂಕಾಗುತ್ತಾ, ಇಲ್ಲ ಎಂದಿಗಿಂತ ಹೆಚ್ಚು ಉರಿಯೋದೂ ಉಂಟಾ ಅನ್ನೋದನ್ನು ಬಿಡಿಸಿ ಕೇಳಿ. ಆಮೇಲೆ ನಿಮ್ಮ ಮೀಟರಿನ ಗುಂಡಿ ಒಂದೊಂದೇ ಸಲ ಒತ್ತುತ್ತಾ ಹೋಗಿ. ಹೊಸ ಮೀಟರುಗಳಲ್ಲಿ ಹೆಚ್ಚಿನವು ವೋಲ್ಟೇಜ್ ತೋರಿಸುತ್ತವೆ. ಗಾಳಿ ಇದ್ದಾಗ ಎಷ್ಟು, ಇಲ್ಲದಾಗ ಎಷ್ಟು, ಬರೆದುಕೊಳ್ಳಿ. ಬೇರೆ ಏನನ್ನೂ ಬಿಚ್ಚಬೇಡಿ.


ಬಯಲುಗಾಳಿ · ಶನಿವಾರ ಬೆಳಿಗ್ಗೆ 7:05

ನಮ್ಮದು ಧಾರವಾಡ ಕಡೆ. ಇಲ್ಲೆ ಗಿಡ ಕಡಿಮಿ, ಗಾಳಿ ಭಾಳ. ನಮ್ಮ ಓಣ್ಯಾಗ ಎರಡು ಕಂಬದ ನಡುವ ತಂತಿ ಜೋತುಬಿದ್ದಿದ್ವು. ಗಾಳಿ ಬಂದ್ರ ಒಂದಕ್ಕೊಂದು ಬಡೀತಿದ್ವು, ಬಡದಾಗೊಮ್ಮೆ ಪಟ್ ಅಂತ ಕಿಡಿ. ಇಡೀ ಓಣಿ ಲೈಟು ಕಣ್ಣು ಪಿಳುಕಿಸಿದಂಗ ಹೋಗಿ ಬರತಿತ್ತು. ನಿಮ್ಮದು ಹಂಗ ಕಾಣಂಗಿಲ್ಲ. ಗಾಳಿ ಇರೋ ತನಕ ಮಂಕ ಇರ್ತೈತಿ ಅಂತೀರಿ, ಅದು ಬ್ಯಾರೆ.

ನಮ್ಮಲ್ಲೆ ಲೈನ್‌ಮನ್ ಬಂದು ತಂತಿ ಎಳದು ಬಿಗಿ ಮಾಡಿ, ನಡುವ ಸ್ಪೇಸರ್ ಹಾಕಿ ಹೋದ್ರು, ಅವತ್ತಿಗೆ ನಿಂತ್ತು. ಅದಕ್ಕೂ ಮೊದಲ ಒಂದು ವರ್ಷ ನಮ್ಮ ಕಾಕಾನ ಕಣದಾಗ ಇದ ಕಿಡಿ ಬಿದ್ದು ಮೇವಿನ ಬಣವಿ ಪೂರಾ ಸುಟ್ಟಿತ್ತು. ತಂತಿ ಜೋತಾಡೋದು ಕಂಡವ್ರು ನಾಳೆ ಹೇಳಿದ್ರಾತು ಅನಬ್ಯಾಡ್ರಿ.


ಹೊಸಬಡಾವಣೆ · ಶನಿವಾರ ಬೆಳಿಗ್ಗೆ 10:30

ನಮ್ಮ ಮನೆಗೆ 5 ಕೆವಿಎ ಸ್ಟೆಬಿಲೈಸರ್ ಹಾಕಿಸಿದ್ದೇವೆ, ಅಂದಿನಿಂದ ಏನೂ ತೊಂದರೆ ಇಲ್ಲ. ನೀವೂ ಹಾಕಿಸಿ. ಇನ್ನೊಂದು, ನಮ್ಮೂರ ಕಡೆ ನ್ಯೂಟ್ರಲ್ (ಕರೆಂಟು ವಾಪಸ್ಸು ಹೋಗೋ ತಂತಿ) ಸರಿ ಬರದಿದ್ದರೆ ಅರ್ಥಿಂಗ್ ವೈರನ್ನೇ ನ್ಯೂಟ್ರಲ್‌ಗೆ ಸೇರಿಸಿ ಲೈಟು ಉರಿಸ್ತಾರೆ. ತಾತ್ಕಾಲಿಕಕ್ಕೆ ಆಗಬಹುದೇನೋ.


ಹಳೇಲೈನ್‌ಮನ್ · ಶನಿವಾರ ಬೆಳಿಗ್ಗೆ 11:10

ಹೊಸಬಡಾವಣೆಯವರೇ, ಸಹಾಯ ಮಾಡೋ ಮನಸ್ಸಿನಿಂದಲೇ ಹೇಳಿದ್ದೀರಿ, ಆದರೆ ಅರ್ಥಿಂಗಿನ ಮಾತನ್ನು ಯಾರೂ ಪಾಲಿಸಬೇಡಿ. ಹಾಗೆ ಜೋಡಿಸಿದರೆ ಮನೆಯ ಕರೆಂಟೆಲ್ಲ ಅರ್ಥ್ ಗುಂಡಿಯ ಮೂಲಕ ವಾಪಸ್ಸು ಹೋಗುತ್ತೆ. ಗುಂಡಿಯ ತಡೆ 10 ಓಮ್ ಇದ್ದು 5 ಆಂಪಿಯರ್ ಹರಿದರೆ ಅರ್ಥ್ ವೈರಿನಲ್ಲಿ 50 ವೋಲ್ಟ್ ನಿಲ್ಲುತ್ತೆ. ಆ ಅರ್ಥ್ ವೈರು ಎಲ್ಲಿಗೆ ಹೋಗಿದೆ? ಫ್ರಿಜ್ಜಿನ ಮೈಗೆ, ಗೀಸರಿನ ಮೈಗೆ, ಗ್ರೈಂಡರಿನ ಮೈಗೆ. ಬೇಸಿಗೆಯಲ್ಲಿ ಗುಂಡಿ ಒಣಗಿದರೆ ಇನ್ನೂ ಹೆಚ್ಚು. ಒದ್ದೆ ಕೈಯಲ್ಲಿ ಗ್ರೈಂಡರ್ ಮುಟ್ಟುವವರು ಮನೆಯ ಹೆಂಗಸರು. ಹೀಗೆ ಆದ ಸಾವಿಗೆ ಪಂಚನಾಮೆಗೆ ಹೋಗಿ ನಿಂತಿದ್ದೇನೆ ನಾನು, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳ್ತಿದ್ದೇನೆ.

ಸ್ಟೆಬಿಲೈಸರ್ ವಿಷಯ: ಟಿಸಿ ದೂರ ಇದ್ದು ಸಂಜೆ ಹೊತ್ತು ನಿಧಾನಕ್ಕೆ ವೋಲ್ಟೇಜ್ ಇಳಿಯೋ ಊರಿಗೆ ಅದು ಸರಿ. ಸಡಿಲ ಜಾಯಿಂಟಿಗೆ ಅದು ಮದ್ದಲ್ಲ. ವೋಲ್ಟೇಜ್ ಬಿತ್ತು ಅಂತ ಅದು ಮೇಲೆ ಎತ್ತುವಷ್ಟರಲ್ಲಿ ಗಾಳಿ ನಿಂತು ವೋಲ್ಟೇಜ್ ತಾನಾಗೇ ಏರಿರುತ್ತೆ, ಎರಡೂ ಸೇರಿ ಟಿವಿಗೆ ಹೊಡೆಯುತ್ತೆ. ಜಾಯಿಂಟು ಮಾತ್ರ ಕಂಬದ ಮೇಲೆ ಸುಡ್ತಾನೇ ಇರುತ್ತೆ. 2 ಓಮ್ ತಡೆ ಇರುವ ಜಾಯಿಂಟಿನಲ್ಲಿ 10 ಆಂಪಿಯರ್ ಹರಿದರೆ ಅಲ್ಲೇ 200 ವಾಟ್ ಶಾಖ. ಬೆರಳು ಗಾತ್ರದ ಜಾಗದಲ್ಲಿ ಅಷ್ಟು ಶಾಖ ಅಂದರೆ ಯೋಚಿಸಿ.


ತೋಟದಮನೆ · ಶನಿವಾರ ರಾತ್ರಿ 8:15

ನೋಡಿದೆ ಸರ್. ನೋಡಿ ಸ್ವಲ್ಪ ಹೆದರಿಕೆಯೂ ಆಗಿದೆ.

ಸಂಜೆ ಆರೂವರೆಗೆ ಗಾಳಿ ಎದ್ದಿತು. ಆರನೇ ಕಂಬದ ಹತ್ತಿರ ದೊಡ್ಡಪ್ಪನ ಮನೆ. ಅಣ್ಣನಿಗೆ ಫೋನ್ ಹಚ್ಚಿ, ಅವನು ಅವರ ಮೀಟರ್ ಮುಂದೆ, ನಾನು ನಮ್ಮ ಮೀಟರ್ ಮುಂದೆ ನಿಂತೆವು. ಗಾಳಿ ಇಲ್ಲದಾಗ ನಮ್ಮಲ್ಲಿ 226, ಅವರಲ್ಲಿ 231. ಅಡಿಕೆ ಮರ ಬಾಗುವಷ್ಟು ಗಾಳಿ ಬಂದಾಗ ನಮ್ಮಲ್ಲಿ 180ಕ್ಕೆ ಇಳೀತು. ಅದೇ ಹೊತ್ತಿಗೆ ಅಣ್ಣ ಫೋನಲ್ಲಿ, "ಏ, ನಮ್ಮಲ್ಲಿ ಏರ್ತಾ ಇದೆ ಕಣೋ, 258" ಅಂದ. ನಾನು ತಪ್ಪು ಓದಿದ್ದಾನೆ ಅಂದುಕೊಂಡೆ. ಇನ್ನೊಂದು ಸಲ ನೋಡಿದೆವು, ಹಾಗೇ. ಒಳಗೆ ತಂಗಿ ಗೀಸರ್ ಹಾಕಿದ್ದಳು, ಆಗ ನಮ್ಮಲ್ಲಿ 165, ಅವರಲ್ಲಿ 268. ದೇವರ ಕೋಣೆಯ ಸಣ್ಣ ತಂತಿ ಬಲ್ಬು ಬೆಳ್ಳಗೆ ಉರೀತಿದೆ ಅಂತ ದೊಡ್ಡಮ್ಮ ಎರಡು ದಿನದಿಂದ ಹೇಳ್ತಿದ್ದರಂತೆ, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಇನ್ನೊಂದು: ನಾಲ್ಕನೇ ಕಂಬದಿಂದ ಸರ್ವೀಸ್ ಇರೋ ಮನೆಯವರಿಗೆ ಏನೂ ತೊಂದರೆ ಇಲ್ಲ, ಕೇಳಿದೆ. ಇದು ಏನು? ನಮ್ಮ ಕರೆಂಟು ಅವರ ಮನೆಗೆ ಹೋಗ್ತಿದೆಯಾ?


ಹಳೇಲೈನ್‌ಮನ್ · ಶನಿವಾರ ರಾತ್ರಿ 8:25

ಮೊದಲು ಎರಡೂ ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಆಮೇಲೆ ಓದಿ. ಲೈನಿನ ಅದೇ ತುಂಡಿನಲ್ಲಿ ಬೇರೆ ಮನೆ ಇದ್ದರೆ ಅವರಿಗೂ ಹೇಳಿ. ಅಮ್ಮನ ನೆಬ್ಯುಲೈಸರ್ ಇನ್ವರ್ಟರ್ ಮೇಲೆ ನಡೆಯಲಿ.

ಇದು ಲೈನಿನ ನ್ಯೂಟ್ರಲ್ ಸಡಿಲ ಆಗಿರೋದು. ಕಂಬದ ಮೇಲೆ ಕರೆಂಟು ತರುವ ಮೂರು ಫೇಸ್ ತಂತಿ, ಒಂದು ನ್ಯೂಟ್ರಲ್. ನಿಮ್ಮ ಮನೆಗೆ ಒಂದು ಫೇಸು, ದೊಡ್ಡಪ್ಪನವರ ಮನೆಗೆ ಇನ್ನೊಂದು. ನ್ಯೂಟ್ರಲ್ ಮಾತ್ರ ಎಲ್ಲರಿಗೂ ಒಂದೇ. ಒಂದು ಗೂಟಕ್ಕೆ ಮೂರು ದಿಕ್ಕಿನಿಂದ ಮೂರು ಎತ್ತು ಕಟ್ಟಿದ್ದಾರೆ ಅಂದುಕೊಳ್ಳಿ. ಗೂಟ ಗಟ್ಟಿ ಇರುವ ತನಕ ಮೂರರ ಹಗ್ಗವೂ ಒಂದೇ ಅಳತೆ, 230. ಗೂಟ ಸಡಿಲ ಆದರೆ ಜೋರಾಗಿ ಎಳೆಯುವ ಎತ್ತಿನ ಕಡೆಗೆ ಗೂಟವೇ ಜರುಗುತ್ತೆ. ಆ ಎತ್ತಿನ ಹಗ್ಗ ಗಿಡ್ಡ ಆಗುತ್ತೆ, ಉಳಿದವರದು ಉದ್ದ ಆಗುತ್ತೆ. ನಿಮ್ಮ ಮನೆಯಲ್ಲಿ ಲೋಡ್ ಹೆಚ್ಚು, ಅದಕ್ಕೆ ನಿಮ್ಮದು 180. ಗೀಸರ್ ಹಾಕಿದಾಗ ಇನ್ನೂ ಎಳೆದಿರಿ, 165. ಎರಡು ದೀಪ ಹಾಕಿಕೊಂಡು ಕೂತ ದೊಡ್ಡಪ್ಪನವರಿಗೆ 268. ಅವರು ಏನೂ ತಪ್ಪು ಮಾಡಿಲ್ಲ, ನೀವೂ ಮಾಡಿಲ್ಲ.

ನಾಳೆ ಆ ತಂತಿ ಪೂರ್ತಿ ಬಿಟ್ಟರೆ? ಎರಡು ಫೇಸಿನ ನಡುವೆ ಇರೋದು ಸುಮಾರು 400 ವೋಲ್ಟ್. ನಿಮ್ಮೆರಡು ಮನೆ ಅದಕ್ಕೆ ಸಾಲಾಗಿ ಸಿಕ್ಕಿಕೊಳ್ಳುತ್ತವೆ, ಹಗುರ ಲೋಡಿನ ಮನೆಗೆ 300 ದಾಟಿ ಬರುತ್ತೆ. ಟಿವಿ, ಚಾರ್ಜರು, ಎಲ್ಇಡಿ ಎಲ್ಲ ಒಂದೇ ಏಟಿಗೆ ಹೋಗುತ್ತೆ, ಬೆಂಕಿಯೂ ಹತ್ತಬಹುದು. ಎಂಸಿಬಿ ಇದೆಯಲ್ಲ ಅನ್ನಬೇಡಿ. ಎಂಸಿಬಿ ಕರೆಂಟು ಹೆಚ್ಚಾದರೆ ಬೀಳುತ್ತೆ, ವೋಲ್ಟೇಜ್ ಹೆಚ್ಚಾದರೆ ಅದಕ್ಕೆ ಗೊತ್ತಾಗಲ್ಲ. ಕರೆಂಟು ಸೋರಿದರೆ ಬೀಳುವ ಆರ್‌ಸಿಸಿಬಿಯೂ ಇದಕ್ಕಲ್ಲ.

ಜಾಗ ನೀವೇ ಕಂಡುಹಿಡಿದಿದ್ದೀರಿ. ನಾಲ್ಕನೇ ಕಂಬದ ಮನೆಗೆ ಸರಿ ಇದೆ, ಆರನೇ ಕಂಬಕ್ಕೆ ತೊಂದರೆ ಇದೆ. ಆ ನಡುವೆ ಲೈನು ತಿರುಗುತ್ತಾ? ತಿರುವಿನ ಕಂಬದಲ್ಲಿ ತಂತಿಯನ್ನು ಎರಡೂ ಕಡೆಯಿಂದ ತಂದು ಕಟ್ಟಿ, ನಡುವೆ ಜಂಪರ್ (ಎರಡೂ ಕಡೆಯನ್ನು ಸೇರಿಸುವ ತುಂಡು ತಂತಿ) ಕೊಟ್ಟಿರುತ್ತಾರೆ. ಕೆಲವು ಕಡೆ ಕ್ಲ್ಯಾಂಪ್ ಇಲ್ಲದೆ ಬರೀ ಸುತ್ತಿ ಬಿಟ್ಟಿರ್ತಾರೆ. ಅಲ್ಯೂಮಿನಿಯಂ ಮೇಲೆ ಗಾಳಿ ತಾಗಿದ ಕೂಡಲೇ ಒಂದು ಪೊರೆ ಕಟ್ಟುತ್ತೆ, ಅದರಲ್ಲಿ ಕರೆಂಟು ಹರಿಯಲ್ಲ. ಗಾಳಿಗೆ ಜಂಪರ್ ಅಲ್ಲಾಡುತ್ತೆ, ಕಿಡಿ ಹಾರುತ್ತೆ, ಒಂದೊಂದೇ ಎಳೆ ಸುಟ್ಟು ಹೋಗುತ್ತೆ. ಮಳೆ ಬರೀ ತೋಯಿಸುತ್ತೆ, ಅಲ್ಲಾಡಿಸಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಇದೇ ಉತ್ತರ.

ಕರೆಂಟಿನ ದೂರಿನ ನಂಬರು 1912ಕ್ಕೆ ಫೋನ್ ಮಾಡಿ. "ಗಾಳಿಗೆ ಲೈಟ್ ಡಿಮ್ ಆಗ್ತಿದೆ" ಅಂದರೆ ಮಳೆಗಾಲದ ಸಾವಿರ ದೂರಿನಲ್ಲಿ ನಿಮ್ಮದೂ ಒಂದು. "ನ್ಯೂಟ್ರಲ್ ಲೂಸ್ ಆಗಿದೆ, ಒಂದು ಮನೆಗೆ 165, ಇನ್ನೊಂದಕ್ಕೆ 268 ವೋಲ್ಟ್ ಬರ್ತಿದೆ, ನಾಲ್ಕು ಮತ್ತು ಆರನೇ ಕಂಬದ ನಡುವೆ" ಅನ್ನಿ. ಬಿಲ್ಲಿನಲ್ಲಿರುವ ಆರ್.ಆರ್. ನಂಬರು, ಟಿಸಿ ಮೇಲೆ ಬರೆದ ನಂಬರು ಕೈಯಲ್ಲಿರಲಿ, ದೂರಿನ ನಂಬರು ಬರೆದುಕೊಳ್ಳಿ. 230ಕ್ಕೆ ಶೇ. 6ರಷ್ಟು ಹೆಚ್ಚುಕಡಿಮೆ, ಅಂದರೆ 216ರಿಂದ 244ರ ಒಳಗೆ ಕೊಡಬೇಕು ಅನ್ನೋದು ನಿಯಮ. ಸೆಕ್ಷನ್ ಆಫೀಸಿಗೂ ಹೇಳಿ. ಮತ್ತೆ, ದಯವಿಟ್ಟು ಊರಿನ ಹುಡುಗರನ್ನು ಕಂಬ ಹತ್ತಿಸಬೇಡಿ. ಸಡಿಲವಾದ ನ್ಯೂಟ್ರಲ್ ಮುಟ್ಟಿದರೂ ಹೊಡೆಯುತ್ತೆ.


ಜರ್ಸಿಕನ್ನಡಿಗ · ಶನಿವಾರ ರಾತ್ರಿ 10:50

ನಾನಿರೋದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಇಲ್ಲಿ ಮನೆಗೇ 120 ವೋಲ್ಟಿನ ಎರಡು ತಂತಿ, ನಡುವೆ ಒಂದು ನ್ಯೂಟ್ರಲ್ ಬರುತ್ತೆ. ಹಾಗಾಗಿ ನ್ಯೂಟ್ರಲ್ ಸಡಿಲ ಆದರೆ ಒಂದೇ ಮನೆಯೊಳಗೆ ಅರ್ಧ ಲೈಟು ಮಂಕಾಗಿ ಉಳಿದರ್ಧ ಹೆಚ್ಚು ಉರಿಯುತ್ತೆ. ಕಳೆದ ಚಳಿಗಾಲದ ಬಿರುಗಾಳಿಯಲ್ಲಿ ನಮ್ಮಲ್ಲಿ ಹಾಗೇ ಆಗಿತ್ತು. ಹಳೇಲೈನ್‌ಮನ್ ಸರ್ ಅವರ ಗೂಟದ ಮಾತು ಓದಿದಾಗ ಅದು ಯಾಕೆ ಅಂತ ಇವತ್ತು ತಿಳೀತು. ಊರಲ್ಲಿ ಅಪ್ಪ ಅಮ್ಮನಿಗೂ ಇದನ್ನು ಕಳಿಸಿದ್ದೇನೆ.


ಕಡಲಬದಿ · ಭಾನುವಾರ ಬೆಳಿಗ್ಗೆ 8:30

ನಮಗೂ ಹೀಗೆ ಆದದ್ದುಂಟು, ಆದರೆ ನಮ್ಮ ಮನೆಗೆ ಮಾತ್ರ. ಪಕ್ಕದವರಿಗೆ ಎಂಥದೂ ಇಲ್ಲ. ನಮ್ಮದರಲ್ಲಿ ಹೆಚ್ಚು ಉರಿಯುವುದು ಇರಲಿಲ್ಲ, ಬರೀ ಮಂಕು, ಕೆಲವೊಮ್ಮೆ ಪೂರ್ತಿ ಹೋಗುವುದು.

ಕಡೆಗೆ ಸಿಕ್ಕಿದ್ದು ಗೋಡೆಯ ಪೈಪಿನ ಹತ್ತಿರ. ಕಂಬದಿಂದ ಬರುವ ಸರ್ವೀಸ್ ವೈರು ಅಲ್ಯೂಮಿನಿಯಂ, ಒಳಗೆ ಹೋಗುವುದು ತಾಮ್ರ. ಎರಡನ್ನೂ ಹೊಸೆದು ಟೇಪು ಸುತ್ತಿದ್ದರು. ಲೈನ್ ಆಫ್ ಮಾಡಿ ಟೇಪು ಬಿಡಿಸಿದಾಗ ನಾನು ಕೆಳಗೇ ನಿಂತಿದ್ದೆ. ಅಲ್ಯೂಮಿನಿಯಂ ಸುತ್ತ ಅಕ್ಕಿಹಿಟ್ಟಿನ ಹಾಗೆ ಬಿಳಿ ಪುಡಿ, ತಾಮ್ರ ಹಸಿರು ಹಿಡಿದಿತ್ತು, ಟೇಪಿನ ಒಳಮೈ ಕರಟಿ ಬೆಲ್ಲದ ಪಾಕದ ಹಾಗೆ ಅಂಟುತ್ತಿತ್ತು. ಕಡಲ ಉಪ್ಪು ಗಾಳಿ ಬೇರೆ. ಈ ಎರಡು ಲೋಹ ನೇರ ತಾಗಬಾರದಂತೆ, ನಡುವೆ ಅದಕ್ಕೆಂದೇ ಇರುವ ಕನೆಕ್ಟರ್ ಹಾಕಿದರು. ತೆಂಗಿನ ಮಡಲು ವೈರಿಗೆ ಉಜ್ಜುತ್ತಿತ್ತು, ಅದನ್ನೂ ಕಡಿಸಿದೆವು. ನಾಲ್ಕು ಮಳೆಗಾಲ ಆಯಿತು, ಮತ್ತೆ ಬಂದಿಲ್ಲ.


ಹಳೇಲೈನ್‌ಮನ್ · ಭಾನುವಾರ ಬೆಳಿಗ್ಗೆ 9:00

ಕಡಲಬದಿಯವರು ಒಳ್ಳೇ ವ್ಯತ್ಯಾಸ ಹೇಳಿದರು. ಒಂದು ಫೇಸಿನ ಮನೆಯಲ್ಲಿ ಸ್ವಂತ ಸರ್ವೀಸ್ ವೈರು ಮಾತ್ರ ಸಡಿಲ ಆದರೆ ಮಂಕಾಗುತ್ತೆ, ಆರುತ್ತೆ, ಹೆಚ್ಚು ಉರಿಯಲ್ಲ. ಯಾಕಂದರೆ ಆ ತುಂಡಿನಲ್ಲಿ ಎಳೆಯೋಕೆ ಬೇರೆ ಎತ್ತಿಲ್ಲ. ಮನೆಗೆ ಮೂರು ಫೇಸ್ ಇದ್ದರೆ ಮಾತ್ರ ಸ್ವಂತ ಸರ್ವೀಸಿನಲ್ಲೇ ಈ ಏರಿಳಿತ ಆಗಬಹುದು. ಎಲ್ಲಾದರೂ ಒಂದು ಬಲ್ಬು ಎಂದಿಗಿಂತ ಬೆಳ್ಳಗೆ ಉರಿಯಿತು ಅಂದರೆ ಕಾಯಬೇಡಿ.


ತೋಟದಮನೆ · ಸೋಮವಾರ ಸಂಜೆ 6:40

ಭಾನುವಾರ ಬೆಳಿಗ್ಗೆ 1912ಕ್ಕೆ ಫೋನ್ ಮಾಡಿ ನೀವು ಹೇಳಿಕೊಟ್ಟ ಹಾಗೇ ಹೇಳಿದೆ. ಫೋನ್ ತೆಗೆದವರು "268 ಬರ್ತಿದೆಯಾ, ಮೀಟರಲ್ಲೇ ನೋಡಿದ್ರಾ?" ಅಂತ ಕೇಳಿ ಆ ಅಂಕಿ ಬರೆದುಕೊಂಡರು. ಎರಡು ಗಂಟೆಯಲ್ಲಿ ಇಬ್ಬರು ಲೈನ್‌ಮನ್ ಮಳೆಯಲ್ಲೇ ಬಂದರು.

ಐದನೇ ಕಂಬ ತಿರುವಿನದೇ, ತೋಟದ ಮೂಲೆಯಲ್ಲಿದೆ. ಟಿಸಿ ಹತ್ತಿರ ಲೈನ್ ಆಫ್ ಮಾಡಿ, ತಂತಿಗೆ ಅರ್ಥ್ ರಾಡ್ ಹಾಕಿ, ಆಮೇಲೆ ಒಬ್ಬರು ಹತ್ತಿದರು. ಬಿಚ್ಚಿ ಕೆಳಗೆ ಹಾಕಿದ ಜಂಪರ್ ತುಂಡು ನಾನು ಇಟ್ಟುಕೊಂಡಿದ್ದೇನೆ. ಆರು ಅಲ್ಯೂಮಿನಿಯಂ ಎಳೆ, ನಡುವೆ ಒಂದು ಉಕ್ಕಿನ ಎಳೆ. ಅಲ್ಯೂಮಿನಿಯಂ ಎಳೆಗಳಲ್ಲಿ ನಾಲ್ಕು ಸುಟ್ಟು ತುದಿಯಲ್ಲಿ ಸಾಸಿವೆ ಕಾಳಿನ ಹಾಗೆ ಉಂಡೆಕಟ್ಟಿವೆ, ಐದನೆಯದು ಮುಟ್ಟಿದರೆ ಮುರಿಯಿತು. ಇಡೀ ತುಂಡಿನ ನಾಲ್ಕೈದು ಮನೆ ಉಳಿದ ಒಂದು ಎಳೆ ಮತ್ತು ತುಕ್ಕು ಹಿಡಿದ ಉಕ್ಕಿನ ಮೇಲೆ ನಿಂತಿತ್ತು. ಹೊಸ ಜಂಪರ್ ಹಾಕಿ, ಎರಡೂ ಕಡೆ ಕ್ಲ್ಯಾಂಪ್ ಬೋಲ್ಟ್ ಬಿಗಿದರು. ಮೂರು ಫೇಸಿನ ಜಂಪರೂ ನೋಡಿದರು, ಒಂದನ್ನು ಬದಲಿಸಿದರು. ಅಮ್ಮ ಕೊಟ್ಟ ಬಿಸಿ ಕಷಾಯ ಕುಡಿದು, ಒಂಬತ್ತನೇ ಕಂಬದ ಹತ್ತಿರ ಹಲಸಿನ ಕೊಂಬೆ ತಾಗೋ ಹಾಗಿದೆ, ಬುಧವಾರ ಲೈನ್ ಕ್ಲಿಯರ್ (ಲೈನ್ ಆಫ್ ಮಾಡೋ ಅನುಮತಿ) ತಗೊಂಡು ಕಡಿಯೋಣ ಅಂದಿದ್ದಾರೆ.

ದೊಡ್ಡಪ್ಪನ ಮನೆಯಲ್ಲಿ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್, ಎರಡು ಎಲ್ಇಡಿ ಬಲ್ಬು ಹೋಗಿವೆ. ಫ್ರಿಜ್ಜು ಉಳಿಯಿತು. ದೊಡ್ಡಮ್ಮ ಎರಡು ದಿನ ಹೇಳಿದ್ದನ್ನು ಕೇಳಬೇಕಿತ್ತು.

ಒಂದು ಪ್ರಶ್ನೆ: ವೋಲ್ಟೇಜ್ ಹೆಚ್ಚಾದರೆ ತಾನೇ ಕಟ್ ಮಾಡೋ ಸಾಧನ ಸಿಗುತ್ತೆ ಅಂತಾರೆ, ಹಾಕಿಸಲಾ?


ಬಲ್ಬ್‌ಅಂಗಡಿ · ಸೋಮವಾರ ಸಂಜೆ 7:20

ಹಾಕಿಸಿ. ಓವರ್ ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್ ಅಂತ ಕೇಳಿ, ಎಂಸಿಬಿ ಪಕ್ಕದಲ್ಲೇ ಕೂರುತ್ತೆ. ನೀವು ಇಟ್ಟ ಮಿತಿ ದಾಟಿದರೆ ಕಟ್ ಮಾಡಿ, ಸರಿಹೋದ ಮೇಲೆ ಸ್ವಲ್ಪ ಹೊತ್ತು ಕಾದು ತಾನೇ ಕೊಡುತ್ತೆ. ಕಾಯುವ ಹೊತ್ತು ಎರಡು ಮೂರು ನಿಮಿಷ ಇಡಿ, ಫ್ರಿಜ್ಜಿನ ಕಂಪ್ರೆಸರಿಗೆ ಅಷ್ಟು ಬಿಡುವು ಬೇಕು. ದೊಡ್ಡಪ್ಪನವರ ಮನೆಗೆ ಮೊದಲು ಹಾಕಿಸಿ.


ಹಳೇಲೈನ್‌ಮನ್ · ಸೋಮವಾರ ರಾತ್ರಿ 8:00

ಕ್ಲ್ಯಾಂಪ್ ಹಾಕಿದ್ದು ಕೇಳಿ ಸಮಾಧಾನ ಆಯ್ತು. ಮಳೆಯಲ್ಲಿ ಹತ್ತಿದ ಆ ಇಬ್ಬರಿಗೆ ನನ್ನ ನಮಸ್ಕಾರ ತಿಳಿಸಿ. ಗಾಳಿ ಜೋರಾಗಿರೋ ಹೊತ್ತಿಗೆ ಗೀಸರ್ ಹಾಕಿ ಎರಡೂ ಮನೆಯ ಮೀಟರ್ ಇನ್ನೊಂದು ಸಲ ನೋಡಿ. ಅದನ್ನು ನೋಡದೆ ಕೆಲಸ ಮುಗಿಯಿತು ಅನ್ನೋದು ಬೇಡ.


ತೋಟದಮನೆ · ಸೋಮವಾರ ರಾತ್ರಿ 10:10

ಈಗ ಹೊರಗೆ ಚೆನ್ನಾಗಿ ಗಾಳಿ ಬೀಸ್ತಿದೆ, ಅಡಿಕೆ ಮರದ ಸದ್ದು ಒಳಗೆ ಕೇಳ್ತಿದೆ. ಗೀಸರ್ ಹಾಕಿ, ಟಾರ್ಚ್ ಹಿಡಿದು ಮೀಟರ್ ಮುಂದೆ ನಿಂತಿದ್ದೇನೆ, ಅಣ್ಣ ಫೋನಲ್ಲಿದ್ದಾನೆ. ನಮ್ಮಲ್ಲಿ 222, 221, 222. ಅವರಲ್ಲಿ 232, 232. ಅಮ್ಮನ ನೆಬ್ಯುಲೈಸರ್ ನಡೀತಿದೆ.